ಹೆಪ್ಪುಗಟ್ಟದ ಹಾಲು

ಎರಡನೇ ದಿನವೂ ಹಾಲು ಹೆಪ್ಪುಗಟ್ಟಲಿಲ್ಲ. ಹಾಲಜ್ಜಿ ಪಾತ್ರೆಯನ್ನು ಓರೆ ಮಾಡಿದಳು, ನೀರಿನಂತೆ ಅಲುಗಾಡಿತು.

“ಏನಮ್ಮಾ, ಹೆಪ್ಪು ಹಾಕಿದ್ಯೋ, ಇಲ್ಲಾ ಬರೀ ಚಮಚ ತೋರಿಸಿದ್ಯೋ?” ಎಂದು ಸೊಸೆಯನ್ನು ಕೆಣಕಿದಳು.

“ಹಾಕಿದೀನಿ ಅತ್ತೆ. ಹಸುಗೆ ಇಂಜೆಕ್ಷನ್ ಆದ್ಮೇಲೇ ಹೀಗಾಗ್ತಿರೋದು. ಈ ಹಾಲು ಸದ್ಯಕ್ಕೆ ಬೇಡ ಅಂದಿದ್ರಲ್ಲ ಡಾಕ್ಟರಮ್ಮ?”

“ಡೈರೀಲಿ ಪರೀಕ್ಷೆ ಮಾಡ್ತಾರೆ, ಅದಕ್ಕೇ ಅಲ್ಲಿಗೆ ಹಾಕಿಲ್ಲ. ಮನೇಲಿ ಚೆನ್ನಾಗಿ ಉಕ್ಕಿಸಿದ್ರೆ ಯಾವ ಔಷಧ ಉಳಿಯುತ್ತೆ?”

ಕೆಚ್ಚಲು ಬಾವಿನಿಂದ ನರಳಿದ್ದ ಹಸು ಈಗಷ್ಟೇ ಮೇವಿಗೆ ಬಾಯಿ ಹಾಕುತ್ತಿತ್ತು. ಅದರ ಹಾಲನ್ನು ಚೆಲ್ಲಲು ಅಜ್ಜಿಗೆ ಮನಸ್ಸು ಬರಲಿಲ್ಲ. ಪಕ್ಕದ ಮನೆಯ ದರ್ಜಿಗೆ ಚಿಟ್ಟೆ ಎಂಬ ಪುಟ್ಟ ಮಗಳು, ಆಗಷ್ಟೇ ಜ್ವರದಿಂದ ಎದ್ದು ಸೊರಗಿದ್ದಳು. ಅಜ್ಜಿ ಹಾಲನ್ನು ಉಕ್ಕಿಸಿ ಅವಳಿಗೆ ಒಂದು ಲೋಟ ಕೊಟ್ಟು ಬಂದಳು. ಮಾರಿದ್ದಲ್ಲವಲ್ಲ, ಅಕ್ಕರೆಯಿಂದ ಕೊಟ್ಟದ್ದು.

ಸ್ವಲ್ಪ ಹೊತ್ತಿಗೇ ಚಿಟ್ಟೆಯ ಮೈತುಂಬ ದದ್ದು. ತುಟಿ ಊದಿತು, ಉಸಿರು ಕಟ್ಟಿತು. ಕೊರಳಲ್ಲಿ ಅಳತೆ ಪಟ್ಟಿ ತೂಗುತ್ತಿದ್ದಂತೆಯೇ ದರ್ಜಿ ಮಗಳನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ.

ಸುದ್ದಿ ತಿಳಿದು ಬಂದ ದನದ ಡಾಕ್ಟರಮ್ಮ ಆಸ್ಪತ್ರೆಯ ಬೆಂಚಿನಲ್ಲಿ ಅಜ್ಜಿಯ ಪಕ್ಕ ಕೂತರು. ಬೈಯಲಿಲ್ಲ. ಅಜ್ಜಿಯ ಕೈಯನ್ನು ಹಿಡಿದುಕೊಂಡರು.

“ಆ ಮಗುವಿಗೆ ಕ್ರಿಮಿ ಕೊಲ್ಲೋ ಒಂದು ಥರದ ಔಷಧ ಆಗಿಬರಲ್ವಂತೆ, ಅಜ್ಜಿ. ಹಸುಗೆ ಕೊಟ್ಟಿದ್ದೂ ಅದೇ ಥರದ್ದು. ಅದು ಹಾಲಿಗೆ ಇಳಿಯುತ್ತೆ. ಕಾಯಿಸಿದ್ರೆ ಕ್ರಿಮಿ ಸಾಯ್ತವೆ, ಔಷಧ ಹೋಗಲ್ಲ. ಹೆಪ್ಪು ಕೆಲಸ ಮಾಡದ ಹಾಗೆ ತಡೆದಿದ್ದೂ ಅದೇ.”

“ಮೊಸರಾಗಿದ್ರೆ ಕುಡೀಬಹುದಿತ್ತಾ ತಾಯಿ?”

“ಹಾಗೂ ನಂಬೋಕಾಗಲ್ಲ. ನಾವು ಹೇಳಿದ ದಿನ ಕಳೀಲೇಬೇಕು. ಡೈರೀಲಿ ಪರೀಕ್ಷೆ ಮಾಡೋದು ನಿಮ್ಮನ್ನ ಹಿಡಿಯೋಕಲ್ಲ. ಇಂಥ ಮಕ್ಕಳನ್ನ ಕಾಯೋಕೆ.”

ಚಿಟ್ಟೆ ಬದುಕಿಕೊಂಡಳು. ದರ್ಜಿ ಲೋಟವನ್ನು ತೊಳೆದು ತಂದುಕೊಟ್ಟ. “ಬೇಕಂತ ಮಾಡಿದ್ದಲ್ಲ, ಗೊತ್ತು ಬಿಡಿ,” ಎಂದ. ಆದರೆ ಅಜ್ಜಿ ಕೈ ಚಾಚಿದಾಗ ಚಿಟ್ಟೆ ಅಪ್ಪನ ಹಿಂದೆ ಸರಿದು ನಿಂತಳು.

ಮರುದಿನ ಹಾಲು ಕರೆದ ಮಗ ಕೇಳಿದ: “ಕರುಗಾದ್ರೂ ಹಾಕೋಣ್ವೇನಮ್ಮಾ?”

“ಬೇಡಪ್ಪಾ. ಅದರ ಹೊಟ್ಟೆಗೂ ಆ ಔಷಧ ಹೋಗೋದು ಬೇಡ. ಗುಂಡಿಗೆ ಸುರಿ.”

ಬಿಳಿ ನೊರೆ ಮಣ್ಣಿಗೆ ಇಂಗುವವರೆಗೂ ಅಜ್ಜಿ, ಮಗ, ಸೊಸೆ ಅಲ್ಲೇ ನಿಂತಿದ್ದರು.

ನಿಮ್ಮ ಹಸುವಿಗೂ ನಾಳೆ ಔಷಧ ಬೇಕಾಗಬಹುದು. ತಪ್ಪದೆ ಕೊಡಿಸಿ. ಆದರೆ ಹಾಲನ್ನು ಯಾವ ದಿನದಿಂದ ಬಳಸಬಹುದೆಂದು ವೈದ್ಯರನ್ನು ಕೇಳಿಕೊಳ್ಳಿ. ಅಲ್ಲಿಯವರೆಗೆ ಮಾರಬೇಡಿ, ಕುಡಿಯಬೇಡಿ, ಯಾರಿಗೂ ಕೊಡಬೇಡಿ. ಔಷಧ ಕೊಟ್ಟ ಕೋಳಿಯ ಮೊಟ್ಟೆ, ಪ್ರಾಣಿಯ ಮಾಂಸಕ್ಕೂ ಇದೇ ಮಾತು. ಪಕ್ಕದ ಮನೆಯ ಮಗು ನಿಮ್ಮ ಕೈಯಿಂದ ಲೋಟ ತೆಗೆದುಕೊಳ್ಳುವಾಗ ಏನನ್ನೂ ಕೇಳುವುದಿಲ್ಲ.