ಸದ್ದಿಲ್ಲದ ಟಿವಿಯ ಅಂಗಡಿ

ಕ್ಷೌರದಂಗಡಿಯ ಕನ್ನಡಿಯ ಮೇಲ್ಗಡೆ ಕೂತಿದ್ದ ಟಿವಿಗೆ ಚಿತ್ರವಿತ್ತು, ಸದ್ದಿರಲಿಲ್ಲ. ಸ್ಪೀಕರ್ ಸುಟ್ಟು ವರ್ಷಗಳೇ ಆಗಿದ್ದವು. ಅಂಗಡಿ ಅಣ್ಣತಮ್ಮಂದಿರದು; ರಿಪೇರಿಗೆ ಅಣ್ಣ ಬಿಟ್ಟಿದ್ದರೆ ತಾನೇ? "ನಾನಿಲ್ವಾ!" ಎನ್ನುತ್ತ ಗಿರಾಕಿಯ ಕೆನ್ನೆಗೆ ನೊರೆ ಬಳಿಯುತ್ತಲೇ ಪರದೆಯ ಮೇಲಿನವರಿಗೆಲ್ಲ ತಾನೇ ದನಿ ಕೊಡುತ್ತಿದ್ದ. ವಾರ್ತೆ ಓದುವಾಕೆ ಅವನ ಬಾಯಲ್ಲಿ ಗಂಡನ ಗೊರಕೆಯ ಬಗ್ಗೆ ದೂರುತ್ತಿದ್ದಳು. ಮಂತ್ರಿಗಳು ಭಾಷಣದ ನಡುವೆ ಕಳೆದುಹೋದ ಚಪ್ಪಲಿ ಹುಡುಕುತ್ತಿದ್ದರು. ಬಿಕ್ಕಿ ಬಿಕ್ಕಿ ಅಳುವ ನಾಯಕಿ, "ಈರುಳ್ಳಿ ಇಷ್ಟು ಹೆಚ್ಚಿದ್ರೆ ಸಾಕಾ ಅತ್ತೇ?" ಅನ್ನುತ್ತಿದ್ದಳು. ಬೀದಿಯವರು ತಲೆ ಕೊಡುತ್ತಿದ್ದದ್ದು ಕತ್ತರಿ ಹಿಡಿದ ತಮ್ಮನಿಗೆ, ಕಿವಿ ಕೊಡುತ್ತಿದ್ದದ್ದು ಅಣ್ಣನಿಗೆ.

ಆಮೇಲೆ ಅಣ್ಣನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರು ಜೀವ ವಾಪಸು ಕೊಟ್ಟರು, ಧ್ವನಿಪೆಟ್ಟಿಗೆ ತಾವೇ ಇಟ್ಟುಕೊಂಡರು.

ಕತ್ತಿಗೆ ಬಟ್ಟೆ ಸುತ್ತಿಕೊಂಡು ಅಣ್ಣ ಮತ್ತೆ ಅಂಗಡಿಗೆ ಬಂದ. ಬೆಂಚಿನ ಮೇಲೆ ಕೂತು ಪರದೆ ನೋಡುತ್ತ ತುಟಿ ಅಲ್ಲಾಡಿಸಿದ. ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ಈಗ ಟಿವಿ ರಿಪೇರಿ ಮಾಡಿಸಿದರೆ ಅಣ್ಣನಿಗೆ 'ನೀನಿನ್ನು ಬೇಡ' ಅಂದ ಹಾಗೆ. ಅದಕ್ಕೇ ತಮ್ಮ ಪ್ರತಿ ಗಿರಾಕಿಗೆ ಬಟ್ಟೆ ಹೊದಿಸುವಾಗಲೂ ಕಿವಿಯಲ್ಲಿ ಉಸುರಿದ: "ಅಣ್ಣನ ತುಟಿ ಅಲ್ಲಾಡಿದ್ರೆ ನಕ್ಕುಬಿಡಿ, ನಿಮ್ಮ ದಮ್ಮಯ್ಯ."

ಎಲ್ಲರೂ ಒಳ್ಳೆಯವರು. ನಕ್ಕರು.

ಒಂದು ಮಧ್ಯಾಹ್ನ ಅಣ್ಣ ಬಾಯಿ ತೆರೆದ. ಕುರ್ಚಿಯಲ್ಲಿದ್ದ ಮೀಸೆ ಮಾವ ಅರ್ಧ ನೊರೆಯ ಮುಖದಲ್ಲೇ ಹೊಟ್ಟೆ ಕುಣಿಸಿದರು. "ಸಾಕು ಬಿಡೋ, ಬ್ಲೇಡ್ ತಾಗಿ ಮೀಸೆ ಹೋದ್ರೆ ಮನೇಲಿ ಒಳಗೆ ಸೇರಿಸಲ್ಲ!" ತಮ್ಮನೂ ಜೊತೆಗೆ ನಕ್ಕ. ಅಣ್ಣ ಮತ್ತೆ ತುಟಿ ಆಡಿಸಿದ, ಈ ಸಲ ನಿಧಾನವಾಗಿ, ಬಿಡಿಸಿ ಬಿಡಿಸಿ. ಇನ್ನೂ ಜೋರು ನಗು. ಆಗ ಅವನು ಗೋಡೆ ಹಿಡಿದು ಎದ್ದ. ಹಿಂಬದಿಯ ನೀರಿನ ಪಾತ್ರೆಯತ್ತ ಹೋಗಿ, ತಾನೇ ಲೋಟ ತುಂಬಿಸಿಕೊಂಡು, ಎಲ್ಲರಿಗೂ ಬೆನ್ನು ಹಾಕಿ ಕುಡಿದ.

ತಮ್ಮ ಪರದೆ ನೋಡಿದ. ಅಲ್ಲಿ ಮನುಷ್ಯರೇ ಇರಲಿಲ್ಲ. ಸೋಪಿನ ಪುಡಿಯ ಜಾಹೀರಾತು; ಒಂದು ಬಕೆಟ್ಟು, ಅದರ ತುಂಬ ನೊರೆ.

ಮರುದಿನವೇ ಮೆಕ್ಯಾನಿಕ್‌ನನ್ನು ಕರೆತಂದ. ಆ ಬೀದಿಗೆ ಹೊಸಬ. ಟಿವಿಯ ಬೆನ್ನು ಬಿಚ್ಚಿ ನೋಡಿ ಹೇಳಿದ: "ಸ್ಪೀಕರ್ ಹಾಕ್ಬಹುದು. ಆದ್ರೆ ನನ್ನ ಕೇಳಿದ್ರೆ, ಈ ಅಜ್ಜಪ್ಪನ್ನ ಕಳಿಸ್ಕೊಟ್ಟು ಹೊಸದು ತಗೊಳ್ಳಿ."

"ನೀನೇ ಹೇಳಣ್ಣ," ಬೆಂಚಿನತ್ತ ತಿರುಗಿ ಅಂದುಬಿಟ್ಟ ತಮ್ಮ, ಅಂದಮೇಲೆ ನಾಲಗೆ ಕಚ್ಚಿಕೊಂಡ.

ಅಣ್ಣ ಎದ್ದುಬಂದ. ಮೂಗಿನ ಮೇಲಿಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದ. ಟಿವಿಯೊಳಗೆ ಇಣುಕಿ, ನಿಟ್ಟುಸಿರಿಟ್ಟು, ತಲೆ ಅಡ್ಡಡ್ಡ ಆಡಿಸಿ, ಪೆಟ್ಟಿಗೆಯ ಹೆಗಲನ್ನು ಮೆಲ್ಲಗೆ ತಟ್ಟಿದ. ಆಪರೇಷನ್ನಿನ ದಿನ ಬಾಗಿಲಾಚೆ ತಮ್ಮನ ಹೆಗಲು ತಟ್ಟಿದ ಡಾಕ್ಟರು ಪಡಿಯಚ್ಚಾಗಿ ಎದುರು ನಿಂತಿದ್ದರು. ಆಮೇಲೆ ಅಣ್ಣ ಪ್ಯಾಂಟು ಎಳೆದುಕೊಂಡು, ಹೊಟ್ಟೆ ಮುಂದೆ ಮಾಡಿ ಮೆಕ್ಯಾನಿಕ್ ಆದ. ತನ್ನ ಗಂಟಲು ತೋರಿಸಿ ಕೈಯಾಡಿಸಿದ: ಇದಾಗಲ್ಲ. ಟಿವಿ ತೋರಿಸಿ ಹೆಬ್ಬೆರಳೆತ್ತಿದ: ಇದಾಗತ್ತೆ, ಮಾಡು.

ಇಷ್ಟು ಆಡಿ ತೋರಿಸಿ, ಹಿಂದಿನಂತೆಯೇ ಒಂದು ಹುಬ್ಬೇರಿಸಿ, ನಗೆಗಾಗಿ ಕಾದ.

ಯಾರೂ ನಗಲಿಲ್ಲ. ಆವತ್ತೂ ಬಂದಿದ್ದ ಮೀಸೆ ಮಾವ ಕನ್ನಡಿಯಲ್ಲಿ ಮೀಸೆಯನ್ನೇ ನೋಡಿಕೊಂಡರು. ನಗಲೆಂದು ಬಾಯಿ ತೆರೆದ ತಮ್ಮನಿಂದ ಬಂದದ್ದು ನಗುವಲ್ಲ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ಅರೆ, ಥೇಟ್ ನಾನೇ!" ಏನೂ ಅರಿಯದ ಮೆಕ್ಯಾನಿಕ್ ತೊಡೆ ತಟ್ಟಿಕೊಂಡು ನಕ್ಕ. ಅಣ್ಣನ ಮುಖ ಅರಳಿತು. ಕೆಲಸ ಮುಗಿಯುವವರೆಗೂ ತನ್ನವರನ್ನೆಲ್ಲ ಬಿಟ್ಟು ಆ ಅಪರಿಚಿತನ ಪಕ್ಕದಲ್ಲೇ ನಿಂತಿದ್ದ.

ಸದ್ದು ಬಂತು. ವಾರ್ತೆಯಾಕೆಯ ಸ್ವಂತ ಧ್ವನಿ. ಕತ್ತುಗಳೆಲ್ಲ ಮೇಲಕ್ಕೆ ಹೊರಳಿದವು.

"ಈಯಮ್ಮ ಮಾತಾಡೋದು ಇಷ್ಟು ಸಪ್ಪೇನಾ?" ಅಂದರು ಮೀಸೆ ಮಾವ.

ತಮ್ಮನೊಬ್ಬ ಅಣ್ಣನ ತುಟಿ ನೋಡುತ್ತಿದ್ದ. ಅವು ಮುಚ್ಚಿದ್ದವು.