ನೂರ ಅರವತ್ತೊಂದು ಪೊಟ್ಟಣ

ತಂಗಿ ಹೋದ ಸುದ್ದಿ ಬಂದಾಗ ಮಗ್ಗಿ ಟೀಚರು ಅವಳಿಗೆಂದೇ ಫ್ಲಾಸ್ಕಿಗೆ ನೀರು ತುಂಬುತ್ತಿದ್ದರು. ಆಸ್ಪತ್ರೆಯಿಂದ ತಂಗಿಯ ಮೊಮ್ಮಗಳು ಫೋನು ಮಾಡಿ, “ದೊಡ್ಡಜ್ಜಿ, ಇನ್ನು ನೀರು ತರಬೇಡಿ” ಎಂದಳು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ಆ ಅಡ್ಡಹೆಸರು ಗಳಿಸಿದ ಮುದುಕಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಏರಿದೆ, ಮೂತ್ರಪಿಂಡಗಳು ಸೋತಿವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಏನೇನು ಔಷಧಿ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದ್ದಕ್ಕೆ ಮನೆಮಂದಿಯೆಲ್ಲ, “ಮಂಡಿನೋವಿಗೆ ವಿಟಮಿನ್ ಡಿ ಪುಡಿ, ವಾರಕ್ಕೊಂದು, ಎಂಟು ವಾರ” ಎಂದು ಒಂದೇ ರಾಗ ಹಾಡಿದ್ದರು. ಅಷ್ಟರಿಂದ ಹೀಗಾಗುವುದಿಲ್ಲವಲ್ಲ ಎಂದು ಡಾಕ್ಟರು ಹಣೆ ಉಜ್ಜಿಕೊಂಡಿದ್ದರು.

ನಿಜ ಹೊರಬಿದ್ದದ್ದು ಹೊಲಿಗೆ ಯಂತ್ರದ ಖಾನೆಯಿಂದ. ತಂಗಿ ದರ್ಜಿ. ತುಂಡು ದಾರವನ್ನೂ ಬಿಸಾಡುವ ಜಾತಿಯಲ್ಲ. ಖಾಲಿ ಪೊಟ್ಟಣಗಳನ್ನು ಉದ್ದಕ್ಕೆ ಮಡಿಸಿ, ಮಿಕ್ಕ ದಾರವನ್ನು ಅದಕ್ಕೆ ಸುತ್ತಿಡುತ್ತಿದ್ದಳು. ಕೆಂಪು, ಹಳದಿ, ಬೂದು ದಾರಗಳ ಕೆಳಗೆಲ್ಲ ಅದೇ ವಿಟಮಿನ್ನಿನ ಹೆಸರು. ಮೊಮ್ಮಗಳು ಎಣಿಸಿದಳು, ನೂರ ಅರವತ್ತೊಂದು.

“ಇಪ್ಪತ್ತಮೂರೇಳ್ಲಿ ನೂರ ಅರವತ್ತೊಂದು,” ಎಂದಿತು ಟೀಚರ ಬಾಯಿ, ಮನಸ್ಸಿಗಿಂತ ಮೊದಲು. ಇಪ್ಪತ್ತಮೂರು ವಾರ. ದಿನಕ್ಕೊಂದು.

ಆಗ ಎಲ್ಲವೂ ಒಂದೊಂದಾಗಿ ನೆನಪಾಯಿತು. ತಂಗಿಗೆ ಇಂಗದ ಬಾಯಾರಿಕೆ, ಗಳಿಗೆಗೊಮ್ಮೆ ಬಚ್ಚಲಿಗೆ ಓಟ, ವಾಂತಿ, ಮಲಬದ್ಧತೆ. ಒಮ್ಮೆ ರವಿಕೆಯ ತೋಳನ್ನು ಕತ್ತಿನ ಜಾಗಕ್ಕೆ ಹೊಲಿದಿದ್ದಳು. ವಯಸ್ಸಾಯಿತು ಎಂದು ಎಲ್ಲರೂ ನಕ್ಕಿದ್ದರು. “ಬಿಸಿಲಿನದೇ ಸತ್ತ್ವವಂತೆ ಅಕ್ಕಾ, ಬಿಸಿಲು ಯಾರನ್ನ ಕೊಂದಿದೆ?” ಎಂದಿದ್ದಳು ತಂಗಿ. “ತಪ್ಪಿಸಬೇಡ ಕಣೇ” ಎಂದು ಈ ಅಕ್ಕನೇ ಹೇಳಿದ್ದರು. ಅತಿಯಾದರೆ ಅಮೃತವೂ ವಿಷ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆಸಿದ್ದರೋ! ಒಡಹುಟ್ಟಿದವಳಿಗೆ ಮಾತ್ರ ಅದನ್ನು ಹೇಳಲು ಹೊಳೆಯಲಿಲ್ಲ.

ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಳು. ನಾಲ್ವರು ಸೇರಿ ಮಾಡಬೇಕಾದ ಕಾಲೇಜಿನ ಕೆಲಸಕ್ಕೆ ಇದನ್ನೇ ವಿಷಯ ಮಾಡೋಣವೆಂದು ಹಟ ಹಿಡಿದಳು. ದೊಡ್ಡಜ್ಜಿಯನ್ನು ಜೊತೆಗೆ ಕರೆದುಕೊಂಡು ನಲವತ್ತಮೂರು ಮನೆ ಹತ್ತಿಳಿದು, ಮುದುಕರ ಔಷಧಿ ಡಬ್ಬಿ ತೆರೆಸಿ ನೋಡಿದಳು. ವಾರದ ಪುಡಿಯನ್ನು ದಿನವೂ ನುಂಗುತ್ತಿದ್ದವರು ಮೂವರು ಸಿಕ್ಕರು. ಮೂವರನ್ನೂ ರಕ್ತಪರೀಕ್ಷೆಗೆ ಕಳಿಸಿದಳು. ಕಂಡದ್ದನ್ನೆಲ್ಲ ಅಲ್ಲಿಂದಲೇ ಫೋನಿನಲ್ಲಿ ಹೇಳುವಳು. ತಂಡದ ಕನ್ನಡಕದ ಹುಡುಗಿ ಅದನ್ನು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವಳು.

ಎಡವಟ್ಟಾದದ್ದು ಅಲ್ಲೇ. ತಂಡದಲ್ಲಿ ಯಾರ ಪಾಲು ಎಷ್ಟೆಂದು ಆ ಕಾಲೇಜಿನಲ್ಲಿ ಕಂಪ್ಯೂಟರೇ ಅಳೆಯುತ್ತಿತ್ತು. ಯಾರು ಎಷ್ಟು ಅಕ್ಷರ ಒತ್ತಿದರು, ಎಷ್ಟು ಸಲ ಕಡತ ತೆರೆದರು, ಇಷ್ಟೇ ಅದರ ಲೆಕ್ಕ. ಮೊಮ್ಮಗಳಿಗೆ ನೂರಕ್ಕೆ ನಾಲ್ಕು. ಹದಿನೈದು ಬರದಿದ್ದರೆ ನಪಾಸು, ವರ್ಷವೇ ಹೋಯಿತು.

“ನಡಿ,” ಎಂದರು ಟೀಚರು. ದಾರ ಸುತ್ತಿದ ಆ ಪೊಟ್ಟಣಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಕಾಲೇಜಿನ ಉಪನ್ಯಾಸಕಿ ಕೆಟ್ಟವಳಲ್ಲ. ಕುರ್ಚಿ ಕೊಟ್ಟಳು, ದನಿ ತಗ್ಗಿಸಿ ಮೊಮ್ಮಗಳಿಗೆ ದಾರಿಯನ್ನೂ ತೋರಿಸಿದಳು. “ನೋಡಮ್ಮಾ, ಸಂಜೆ ಐದರವರೆಗೂ ಕಡತ ತೆರೆದೇ ಇರುತ್ತೆ. ಕೂತು ಒಂದಷ್ಟು ಪುಟ ಟೈಪ್ ಮಾಡು. ಬೇಕಾದ್ರೆ ಅಳಿಸಿ ಮತ್ತೆ ಹೊಡಿ. ನಿನ್ನ ಪಾಲು ತಾನಾಗೇ ಏರುತ್ತೆ.”

“ಏನಂತ ಬರೀಲಿ ಮೇಡಂ?”

“ಏನಾದ್ರೂ. ಅದು ಓದಲ್ಲ, ಎಣಿಸುತ್ತೆ.”

ಮೊಮ್ಮಗಳು ತಲೆ ಅಲ್ಲಾಡಿಸಿದಳು. “ಬರೆಯಲ್ಲ ಮೇಡಂ. ನಪಾಸಾದ್ರೂ ಪರವಾಗಿಲ್ಲ.”

“ಹುಚ್ಚಾ ನಿನಗೆ? ವರ್ಷ ಹೋಗುತ್ತೆ!”

ಟೀಚರು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬಣ್ಣಬಣ್ಣದ ಸುತ್ತುಗಳು ಕೀಲಿಮಣೆಯ ಮೇಲೆಲ್ಲ ಉರುಳಿದವು.

“ಎಣಿಸೋ ಯಂತ್ರ ತಾನೇ? ಇದನ್ನ ಎಣಿಸಲಿ. ನನ್ನ ತಂಗಿ ನುಂಗಿದ ಪುಡಿ ಇದು. ಎಂಟು ಸಾಕಿತ್ತು. ಹೆಚ್ಚು ಹಾಕಿದಷ್ಟೂ ಒಳ್ಳೇದು ಅಂತ ನಂಬಿ ಸತ್ತಳು. ಅವಳ ಮೊಮ್ಮಗಳಿಗೂ ಅದೇ ಪಾಠ ಹೇಳ್ತೀರಾ?”

“ಅಮ್ಮಾ, ನಿಯಮ ನಾನು ಮಾಡಿದ್ದಲ್ಲ.”

“ಮಗ್ಗೀನೂ ನಾನು ಮಾಡಿದ್ದಲ್ಲ, ತಾಯಿ. ಆದ್ರೆ ಪಕ್ಕದವನ ಸ್ಲೇಟು ನೋಡಿ ಬರೆದವನು ಯಾರು, ಕಲಿತವನು ಯಾರು ಅಂತ ನಿಲ್ಲಿಸಿ ಕೇಳಿದ್ರೆ ಗೊತ್ತಾಗ್ತಿತ್ತು. ನಾಲ್ವರನ್ನೂ ಕರೀರಿ. ಬಾಯಲ್ಲಿ ಕೇಳಿ. ಅಲ್ಲೀವರೆಗೂ ನಾನು ಈ ಕುರ್ಚಿ ಬಿಟ್ಟು ಏಳಲ್ಲ.”

ಉಳಿದ ಮೂವರೂ ಬಂದರು. ವಿಟಮಿನ್ ಡಿ ಅತಿಯಾದದ್ದು ಹೇಗೆ ಗೊತ್ತಾಗುತ್ತದೆ ಎಂದು ಉಪನ್ಯಾಸಕಿ ಕೇಳಿದ್ದಕ್ಕೆ ಇಬ್ಬರು ಫ್ಯಾನು ನೋಡಿದರು. ಕನ್ನಡಕದ ಹುಡುಗಿಗೆ ನೂರಕ್ಕೆ ಅರವತ್ತೊಂದು ಪಾಲು ಬಂದಿತ್ತು. ಅವಳು ಅಳುವಂತಾಗಿ ಹೇಳಿದಳು: “ಬೆರಳು ಮಾತ್ರ ನಂದು ಮೇಡಂ. ಮಾತೆಲ್ಲ ಅವಳದು. ಮೊದಲೇ ಹೇಳಬೇಕಿತ್ತು, ಹೆದರಿದೆ.”

ಮೊಮ್ಮಗಳು ಪುಸ್ತಕದ ಮಾತು ಹೇಳಲಿಲ್ಲ. “ಮೂಲೆಮನೆ ತಾತ ರಾತ್ರಿಯೆಲ್ಲ ನೀರು ಕುಡಿದು ನಾಲ್ಕು ಸಲ ಎದ್ದು ಹೋಗ್ತಿದ್ರು. ಊಟ ಸೇರ್ತಿರಲಿಲ್ಲ. ಮಗಳ ಹೆಸರೇ ಮರೆತಿದ್ರು. ಪುಡಿ ಜೊತೆ ಕ್ಯಾಲ್ಸಿಯಂ ಮಾತ್ರೇನೂ ಇತ್ತು. ರಕ್ತ ಪರೀಕ್ಷೆ ಮಾಡಿಸಿದ್ವಿ. ಡಾಕ್ಟರು ಎರಡನ್ನೂ ನಿಲ್ಲಿಸಿದ್ರು. ಈಗ ಹೆಸರು ಹಿಡಿದು ಮಗಳನ್ನ ಬೈತಾರೆ.”

ಉಪನ್ಯಾಸಕಿಗೆ ನಗು ಬಂತು, ಕಣ್ಣೂ ತುಂಬಿತು. ಕಂಪ್ಯೂಟರನ್ನು ಪಕ್ಕಕ್ಕೆ ತಳ್ಳಿ, ಬಿಳಿ ಹಾಳೆ ಎಳೆದುಕೊಂಡು, ನಾಲ್ವರಿಗೂ ಬಾಯಿಪರೀಕ್ಷೆಯ ಅಂಕವನ್ನು ಬರೆದು ಸಹಿ ಹಾಕಿದಳು. “ಮೇಲಿನವರು ಒಪ್ತಾರೋ ಇಲ್ವೋ ಗೊತ್ತಿಲ್ಲಮ್ಮಾ.”

“ಒಪ್ಪದಿದ್ರೆ ನಾಳೆ ಅವರ ಕುರ್ಚೀಲಿ ಕೂರ್ತೀನಿ. ನಿವೃತ್ತಿ ಆದವಳಿಗೆ ಬೇರೆ ಕೆಲಸವೇನಿದೆ?”

ದಾರದ ಸುತ್ತುಗಳನ್ನು ಹುಡುಗಿಯರೆಲ್ಲ ಸೇರಿ ಹೆಕ್ಕಿ ಡಬ್ಬಿಗೆ ತುಂಬಿದರು. ಒಂದೂ ಕಳೆಯದಂತೆ ಟೀಚರು ಎಣಿಸಿಕೊಂಡರು.

ಮನೆಗೆ ಬಂದರೆ ಫ್ಲಾಸ್ಕು ಅಂದಿನಿಂದ ಇಟ್ಟಲ್ಲೇ ಇತ್ತು. ಅದರ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರು ತುಂಬಿ, ದೀಪ ಹಚ್ಚಿ ಅದರ ಮುಂದಿಟ್ಟರು. ಕೈ ಮುಗಿದು ಹೇಳಿದರು:

“ದೇವರೇ, ತಪ್ಪಿಸಬೇಡ ಅಂದವಳು ನಾನು. ಲೆಕ್ಕವಿದ್ದರೆ ನನ್ನ ಹತ್ತಿರ ಕೇಳು, ಅವಳನ್ನ ಕೇಳಬೇಡ. ಬಾಯಾರಿ ಬಾಯಾರಿ ಬಂದಿದ್ದಾಳೆ, ಮೊದಲು ಅವಳಿಗೆ ನೀರು ಕೊಡು. ಆಮೇಲೆ ನೋವಿಲ್ಲದ ಮಂಡಿ ಕೊಡು. ನನ್ನ ತಂಗಿಯ ಆತ್ಮ ತಣ್ಣಗಿರಲಿ.”