ಭಾರತಮ್ಮನ ಕೈಯ ಜಾಯಿಂಟು

ಯಲ್ದೂರು ಹೋಬಳಿಯ ಮಾವಿನ ತೋಟಗಳಲ್ಲಿ ನಾನು ಕೈಹಾಕದ ನೀರಿನ ಪೈಪು ಒಂದೂ ಇಲ್ಲ. ಈ ಮುನಿಶಾಮಿ ಜಾಯಿಂಟು ಹಾಕಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದನೆಂದರೆ ಆನೆ ಎಳೆದರೂ ಬಿಚ್ಚದು. ಇದನ್ನು ಒಪ್ಪದವಳು ಲೋಕದಲ್ಲಿ ಒಬ್ಬಳೇ, ನನ್ನ ಹೆಂಡತಿ ಭಾರತಮ್ಮ.

ಅವಳ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಮಾಡಿಸಬೇಕಾಯಿತು. ಅದರ ಸೂಜಿ ಚುಚ್ಚಲು ನಾಳ ದಪ್ಪಗಾಗಲೆಂದು ಮಣಿಕಟ್ಟಿನ ಹತ್ತಿರ ಎರಡು ರಕ್ತನಾಳ ಸೇರಿಸಬೇಕಂತೆ. ಎಡಗೈಯಲ್ಲಿ ಹೋದ ವರ್ಷ ಸೇರಿಸಿದ್ದು ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು. ಉಳಿದದ್ದು ಬಲಗೈ.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀವಾಣಿ ಹೇಳಿದರು: "ಕೂದಲಿನಷ್ಟು ತೆಳ್ಳನೆ ದಾರದಲ್ಲಿ ಹೊಲೀಬಹುದು, ಅದು ಬಹಳ ವರ್ಷದಿಂದ ನಂಬಿರೋದು. ಇಲ್ಲಾಂದ್ರೆ ಪುಟ್ಟ ಪುಟ್ಟ ಕ್ಲಿಪ್ಪು. ಹೊರಗಿಂದ ಅಂಚು ಕಚ್ಚಿಕೊಳ್ಳುತ್ತೆ, ನಾಳದ ಒಳಕ್ಕೆ ತೂರಲ್ಲ, ಬೇಗನೂ ಆಗುತ್ತೆ. ನಿಮಗೆ ಎರಡೂ ಆಗುತ್ತೆ. ಗ್ಯಾರಂಟಿ ಮಾತ್ರ ಯಾವುದಕ್ಕೂ ಇಲ್ಲ."

"ಹೊಲಿಗೇನೇ ಹಾಕಿ ಮೇಡಂ," ಎಂದೆ. "ಕ್ಲಿಪ್ಪು ಸೋರುತ್ತೆ. ಜಾಯಿಂಟಂದ್ರೆ ಶ್ರೀನಿವಾಸಪುರದಿಂದ ಮುಳಬಾಗಿಲವರೆಗೂ ನನ್ನನ್ನೇ ಕೇಳೋದು."

"ಹೌದು ಮೇಡಂ," ಎಂದಳು ಭಾರತಮ್ಮ. "ಇವರು ಸುತ್ತಿದ ಪೈಪಿನ ಪಕ್ಕ ಕೂತ್ರೆ ಬಟ್ಟೆ ಒಗೀಬೋದು, ತಲೆಗೂ ನೀರು ಹಾಕ್ಕೋಬೋದು. ನಂಗೆ ಕ್ಲಿಪ್ಪೇ ಇರ್ಲಿ."

"ಲೇ, ನನ್ನ ಮರ್ಯಾದೆ ಕಣೇ!"

"ನನ್ನ ಕೈ ಕಣ್ರೀ."

ಡಾಕ್ಟರ್ ನಗುತ್ತಾ ಕ್ಲಿಪ್ಪೆಂದೇ ಬರೆದರು.

ಆಪರೇಷನ್ ಮುಗಿದು ಅವಳನ್ನು ವಾರ್ಡಿಗೆ ತಂದರು. ಜಾಯಿಂಟಿನ ಮೇಲೆ ಬರೀ ತೆಳ್ಳನೆ ಬ್ಯಾಂಡೇಜು! ನನ್ನ ಕೈ ತಾನಾಗಿ ಜೇಬಿಗೆ ಹೋಗಿ ಟ್ಯೂಬಿನ ಪಟ್ಟಿ ತೆಗೆಯಿತು. ಒಂದು ಸುತ್ತು ಸುತ್ತಿದ್ದೆನೋ ಇಲ್ಲವೋ, ಡಾಕ್ಟರ್ ಓಡಿಬಂದು ಕಿತ್ತುಕೊಂಡರು.

"ಯಜಮಾನ್ರೇ! ಬಿಗಿದ್ರೆ ರಕ್ತ ನಿಂತು ಇದೂ ಮುಚ್ಚಿಹೋಗುತ್ತೆ. ಈ ಕೈಗೆ ಬಿಗಿ ಬಳೆನೂ ಕೂಡದು."

ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಪೈಪಲ್ಲಿ ನೀರು ಬಂತಾ ಅಂತ ಹೆಂಗೆ ನೋಡ್ತೀರ?" ಎಂದು ಕೇಳಿದರು.

"ಅಂಗೈ ಇಟ್ಟು."

"ಬ್ಯಾಂಡೇಜಿನ ಮೇಲ್ಗಡೆ ಹಂಗೇ ಇಡಿ. ಮೆಲ್ಲಗೆ."

ಇಟ್ಟೆ. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ, ಬೋರಿನ ನೀರು ದೂರದಿಂದ ಏರಿ ಬರುವಾಗ ಪೈಪು ಅದುರುತ್ತದಲ್ಲ, ಹಾಗೆ ಗುಂಯ್ ಎಂದಿತು.

"ಸೋರ್ತಾ ಇದೆಯಾ?" ಭಾರತಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇಲ್ಲ ಕಣೇ," ಎಂದೆ. ಜನ್ಮದಲ್ಲಿ ಮೊದಲ ಸಲ ಅದರ ಮೇಲೆ ಒಂದು ಮಾತೂ ಸೇರಿಸಲಿಲ್ಲ.

ಈಗ ದಿನಾ ಬೆಳಗ್ಗೆ ಮೋಟರು ಹಾಕುವ ಮುಂಚೆ ಅವಳ ಕೈ ಮುಟ್ಟಿ ನೋಡುತ್ತೇನೆ. ಆ ಗುಂಯ್ ಸದ್ದು ಮಾಲೂರಿನವರೆಗೂ ಕೇಳುತ್ತದೆ. ನಂಬದವರು ಮನೆಗೆ ಬನ್ನಿ. ಸೈಕಲ್ ಟ್ಯೂಬು ಮಾತ್ರ ತರಬೇಡಿ.